ಕಳ್ಳನೀರಿನ ತೋಟ

ಬೀದಿಯವರು ಅವನಿಗೆ ಇಟ್ಟಿದ್ದ ಹೆಸರು ಗಡಿಯಾರ. ನೀರು ಸರಬರಾಜು ಕಚೇರಿಯಲ್ಲಿ ವಾಲ್ವ್‌ಮನ್ ಕೆಲಸ. ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು, ಬೀದಿಯ ಬಾಯಲ್ಲಿದ್ದ ಗುಂಡಿಗೆ ಬಗ್ಗಿ ವಾಲ್ವ್ ತಿರುಗಿಸಿದನೆಂದರೆ ಜನ ತಮ್ಮ ಕೈಗಡಿಯಾರ ಸರಿಮಾಡಿಕೊಳ್ಳಬಹುದಿತ್ತು. ಮನೆ ತುಂಬ ನೆಂಟರು ಬಂದಿದ್ದಾರೆ, ಇನ್ನೊಂದಿಷ್ಟು ಹೊತ್ತು ಬಿಡಿ ಎಂದು ಯಾರು ಗೋಗರೆದರೂ ಅಷ್ಟೇ, ದೊಡ್ಡವರಿಂದ ಫೋನ್ ಮಾಡಿಸಿದರೂ ಅಷ್ಟೇ. "ಪೈಪ್ ನಮ್ಮಪ್ಪಂದಲ್ಲ" ಎನ್ನುತ್ತಿದ್ದ, ಕೀಲಿ ಎತ್ತಿಕೊಂಡು ಹೊರಡುತ್ತಿದ್ದ.

ಅವನ ಸ್ವಂತ ಮನೆ ಅದೇ ಬೀದಿಯ ಕೊನೆಯಲ್ಲಿ, ಏರಿನ ಮೇಲಿತ್ತು. ಕೆಳಗಿನ ಮನೆಗಳಲ್ಲಿ ಹೆಬ್ಬೆರಳು ದಪ್ಪ ಬೀಳುವ ನೀರು ಅಲ್ಲಿಗೆ ಏರುವಷ್ಟರಲ್ಲಿ ನೂಲಿನಂತಾಗಿರುತ್ತಿತ್ತು. ಕೆಳಗಿನ ವಾಲ್ವನ್ನು ಒಂದು ಸುತ್ತು ಬಿಗಿ ಮಾಡಿದರೆ ಮೇಲಕ್ಕೂ ನೀರು ಚೆನ್ನಾಗಿ ಬರುತ್ತದೆಂದು ಅವನಿಗಿಂತ ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಅದಕ್ಕೆ ಅವನ ಕೈ ಹೋಗುತ್ತಿರಲಿಲ್ಲ.

"ನನ್ನ ಮಗ ಸಮುದ್ರದ ದಂಡೇಲಿ ಮನೆ ಕಟ್ಟಿದ್ರೂ ಉಪ್ಪನ್ನ ಅಂಗಡಿಯಿಂದಲೇ ತರ್ತಾನೆ" ಎಂದು ಅವನ ತಾಯಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಆ ನಗುವಿನಲ್ಲಿ ಹೆಮ್ಮೆ ಎಷ್ಟು, ಸಂಕಟ ಎಷ್ಟು ಎಂಬುದು ಸೊಸೆಗೆ ಕೊನೆಗೂ ತಿಳಿಯಲಿಲ್ಲ.

ಸೊಸೆಗೆ ಗಿಡದ ಹುಚ್ಚು. ಅವಳಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ದಿನವಿಡೀ ಹಬೆ, ಔಷಧಿ ಬೆರೆತ ಸೋಪಿನ ವಾಸನೆ, ಯಂತ್ರಗಳ ಗಡಗಡ. ರಕ್ತದ ಕಲೆಯ ಚಾದರಗಳನ್ನು ಬೇರೆ ಮಾಡಿ, ತೊಳೆದು, ಮಡಚಿ, ಮತ್ತೆ ಬೇರೆ ಮಾಡುವುದು. ಮನೆಗೆ ಬಂದರೆ ಕಣ್ಣಿಗೆ ಒಂದಿಷ್ಟು ಹಸಿರು ಬೇಕೆನಿಸುತ್ತಿತ್ತು. ಮನೆಯ ಮುಂದೆ ಲಾರಿ ನಿಲ್ಲಿಸುವಷ್ಟು ಜಾಗವಿತ್ತು. ಅಲ್ಲಿ ಮೊದಲು ಗುಲಾಬಿ ನೆಟ್ಟಳು, ಆಮೇಲೆ ಕ್ರೋಟನ್, ಆಮೇಲೆ ನರ್ಸರಿಯವನು "ಏನೂ ಆಗಲ್ಲ ಅಕ್ಕ, ಕಲ್ಲಿನ ಮೇಲೂ ಬರುತ್ತೆ" ಎಂದು ಆಣೆ ಮಾಡಿ ಕೊಟ್ಟ ಯಾವುದೋ ಬಿಳಿ ಹೂವಿನ ಗಿಡ. ಬೇಸಿಗೆ ಬಂತು, ಎಲ್ಲವೂ ಕೈಕೊಟ್ಟವು.

"ದಿನಕ್ಕೊಂದು ಬಕೆಟ್ ಹೆಚ್ಚಿಗೆ ಸಿಕ್ಕಿದ್ರೆ ಉಳೀತಿದ್ವು" ಎಂದು ಒಮ್ಮೆ ಗಂಡನ ಮುಂದೆ ಅಂದಳು.

"ಬೀದೀಲಿ ಎಲ್ಲರಿಗೂ ಎಷ್ಟೋ ನಮಗೂ ಅಷ್ಟೇ. ವಾಲ್ವ್‌ಮನ್ ಮನೆ ಅಂತ ಒಂದು ಲೋಟ ಹೆಚ್ಚು ಬಂದ್ರೂ ನಾನು ತಲೆ ಎತ್ಕೊಂಡು ಓಡಾಡೋಕಾಗಲ್ಲ."

"ನಾನೇನು ಕದ್ದು ತನ್ನಿ ಅಂದ್ನಾ?"

"ಒಣಗಿದ್ರೆ ಒಣಗ್ಲಿ ಬಿಡು. ಗಿಡ ತಾನೆ."

ಅವಳಿಗೆ ಸಿಟ್ಟು ಬಂತು. ಆದರೆ ಜಗಳವಾಡಿ ಗೆಲ್ಲಬಹುದಾದ ಗಂಡ ಅಲ್ಲ ಅವನು. ಸರಿ ಇರುವವರ ಜೊತೆ ಜಗಳವಾಡುವುದು ಕಷ್ಟ.

ಆಸ್ಪತ್ರೆಯಿಂದ ಮನೆಗೆ ಬರಲು ಹಳೆಯ ಕಲ್ಲುಗಣಿಯ ಪಕ್ಕದಲ್ಲಿ ಒಂದು ಒಳದಾರಿ ಇತ್ತು. ಗಣಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಬಿಸಿಲು ನೆತ್ತಿ ಸುಡುತ್ತಿದ್ದ ಒಂದು ದಿನ ಚೀಲ ಕೆಳಗಿಟ್ಟು ದಣಿವಾರಿಸಿಕೊಳ್ಳಲು ಅಲ್ಲಿ ನಿಂತಳು. ಹುಲ್ಲೆಲ್ಲ ಸುಟ್ಟು ಬೂದಿಯ ಬಣ್ಣಕ್ಕೆ ತಿರುಗಿತ್ತು. ನಡುವೆ ಅಲ್ಲಲ್ಲಿ ಕೆಲವು ಪೊದೆಗಳು ಮಾತ್ರ ಈಗಷ್ಟೇ ಸ್ನಾನ ಮಾಡಿ ಬಂದವರ ಹಾಗೆ ನಿಂತಿದ್ದವು. ಒಂದರಲ್ಲಿ ಮೈತುಂಬ ಹಳದಿ ಹೂವು. ಇನ್ನೊಂದರ ಎಲೆಗೆ ಎಣ್ಣೆ ಸವರಿದ ಹೊಳಪು. "ಇವಕ್ಕೆಲ್ಲ ಯಾವ ವಾಲ್ವ್‌ಮನ್ ನೀರು ಬಿಡ್ತಾನೆ?" ಎಂದು ತನ್ನಷ್ಟಕ್ಕೆ ನಕ್ಕಳು. ನಕ್ಕವಳು ಹಾಗೇ ನಿಂತು ಯೋಚಿಸಿದಳು.

ಅಂದಿನಿಂದ ಅವಳು ನರ್ಸರಿಯ ಕಡೆ ತಲೆ ಹಾಕಲಿಲ್ಲ. ಆಯ್ಕೆಗೆ ಒಂದೇ ನಿಯಮ ಇಟ್ಟುಕೊಂಡಳು: ಯಾರೂ ನೀರು ಹಾಕದ ಕಡೆ, ಕಡುಬೇಸಿಗೆಯಲ್ಲಿ, ತಾನಾಗಿ ಬದುಕಿರಬೇಕು. ಹಳದಿ ಹೂವಿನದು ತಂಗಡಿ, ಎಣ್ಣೆ ಹೊಳಪಿನ ಎಲೆಯದು ಬಂದರಿಕೆ, ನೀಲಿ ತೆನೆಯದು ಲಕ್ಕಿ, ಬೇಲಿಗೆ ಆಗುವ ಮುಳ್ಳಿನದು ಕವಳೆ ಎಂದು ಅತ್ತೆಯೇ ಹೆಸರು ಹೇಳಿಕೊಟ್ಟಳು. "ಜನ ಕಾಡು ಕಡಿದು ಮನೆ ಕಟ್ತಾರೆ. ನೀನು ಮನೆ ಮುಂದೆ ಕಾಡು ಕಟ್ತಿದ್ದೀಯಲ್ಲೇ" ಎಂದೂ ಸೇರಿಸಿದಳು.

ಸುಲಭಕ್ಕೆ ಬರಲಿಲ್ಲ. ಪ್ಲಂಬರ್ ಆಗಿದ್ದ ಅವಳ ತಮ್ಮ ಒಂದು ಭಾನುವಾರ ಗುದ್ದಲಿ ಹಿಡಿದು ಬಂದು, ಸೊಂಟದೆತ್ತರದ ತಂಗಡಿಯೊಂದನ್ನು ಗಣಿಯಿಂದ ಅಗೆದು ಕೊಡಲು ನೋಡಿದ. ಮೊಳಕೈ ಆಳ ಅಗೆದರೂ ಬೇರು ಮುಗಿಯಲಿಲ್ಲ. "ಅಕ್ಕ, ಇದು ಗಿಡ ಅಲ್ಲ, ಬೋರ್‌ವೆಲ್" ಎಂದು ಅವನು ಬೆವರು ಒರೆಸಿಕೊಂಡು ಜೋರಾಗಿ ಎಳೆದ. ಬೇರು ಟಪ್ಪೆಂದು ತುಂಡಾಯಿತು, ಮನೆಗೆ ತಂದು ನೆಟ್ಟ ಗಿಡ ಆ ವಾರವೇ ಸತ್ತಿತು. ದೊಡ್ಡ ಗಿಡ ಕಿತ್ತು ತಂದರೆ ಬದುಕುವುದಿಲ್ಲ, ಆಳಕ್ಕಿಳಿಯುವ ಬೇರು ಮೊದಲಿನಿಂದ ಇಲ್ಲಿಯೇ ಇಳಿಯಬೇಕು ಎಂದು ಅವಳಿಗೆ ಅರ್ಥವಾಯಿತು. ಕಾಯಿ ಒಣಗುವುದನ್ನು ಕಾದು ಬೀಜ ತಂದಳು. ಬೀಜದ ಸಿಪ್ಪೆ ಕಲ್ಲಿನ ಹಾಗಿತ್ತು. ಒರಟು ನೆಲಕ್ಕೆ ಉಜ್ಜಿ, ಬಿಸಿನೀರಿನಲ್ಲಿ ನೆನೆಸಿ, ಮೊದಲ ಮಳೆ ಬಿದ್ದ ಮೇಲೆ ಹಾಕಿದಳು. ಪ್ರೀತಿ ಹೆಚ್ಚಾಗಿ ನೀರೆರೆದ ಲೋಳೆಸರ ಬುಡ ಕೊಳೆತು ಮಲಗಿತು. ಗೊಬ್ಬರ ಹಾಕಿದ ತಂಗಡಿ ಉದ್ದುದ್ದ ಬೆಳೆದು, ಹೂ ಬಿಡದೆ, ಗಾಳಿಗೆ ಬಿತ್ತು. ಹೀಗೆ ಒಂದೊಂದನ್ನೂ ಕೊಂದು ಕಲಿತಳು.

ಮೊದಲ ವರ್ಷ ಮಾತ್ರ ಪಾತ್ರೆ ತೊಳೆದ ಕೊನೆಯ ನೀರನ್ನು ಉಳಿಸಿ, ವಾರಕ್ಕೊಮ್ಮೆ, ಬುಡದಿಂದ ಸ್ವಲ್ಪ ದೂರಕ್ಕೆ, ಆಳಕ್ಕೆ ಇಳಿಯುವ ಹಾಗೆ ನಿಧಾನವಾಗಿ ಹಾಕುತ್ತಿದ್ದಳು. ಆಮೇಲೆ ಮಗುವಿಗೆ ಹಾಲು ಬಿಡಿಸಿದ ಹಾಗೆ ಅಂತರ ಹೆಚ್ಚಿಸುತ್ತ ಹೋದಳು. ಉದುರಿದ ಎಲೆಯನ್ನು ಗುಡಿಸದೆ ಬುಡಕ್ಕೇ ಹೊದಿಸಿ, ಮೇಲೆ ಗಣಿಯ ಜಲ್ಲಿ ಹರಡಿದಳು. ಹೂ ಮುಗಿದ ಮೇಲೆ ತುದಿ ಕತ್ತರಿಸುತ್ತಿದ್ದಳು. ಮೂರನೆಯ ಬೇಸಿಗೆಯ ಹೊತ್ತಿಗೆ ಅವಕ್ಕೆ ಅವಳ ಹಂಗು ಬೇಕಾಗಿರಲಿಲ್ಲ.

ಎದುರು ಮನೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರಿದ್ದರು. ಬೀದಿಗೆಲ್ಲ ಅವರು ಬ್ಯಾಂಕಿನವರು. ಅವರ ಮನೆಯ ಮುಂದೆ ಹಸಿರು ಜಮಖಾನೆಯಂಥ ಹುಲ್ಲುಹಾಸು. ಸಂಜೆ ಪೈಪ್ ಹಿಡಿದು ಅದನ್ನು ನೆನೆಸುತ್ತ, "ಏನಮ್ಮಾ, ಕಳೆ ಕೀಳೋಕೆ ಆಳು ಸಿಕ್ಕಲಿಲ್ವಾ?" ಎಂದು ಕೂಗುತ್ತಿದ್ದರು. ಅವಳು ನಕ್ಕು ಒಳಗೆ ಹೋಗುತ್ತಿದ್ದಳು. ಗಂಡ ಗಿಡಗಳ ಬಗ್ಗೆ ಒಳ್ಳೆಯದೂ ಅನ್ನಲಿಲ್ಲ, ಕೆಟ್ಟದ್ದೂ ಅನ್ನಲಿಲ್ಲ. ಕೆಲಸದಿಂದ ಬಂದು ಲಕ್ಕಿಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದ. ಅದೇ ಅವನ ಮೆಚ್ಚುಗೆ ಎಂದು ಅವಳು ಅಂದುಕೊಂಡಿದ್ದಳು.

ಆಮೇಲೆ ಮಳೆ ಕೈಕೊಟ್ಟಿತು. ಮರುವರ್ಷವೂ ಬರಲಿಲ್ಲ. ನೀರು ದಿನ ಬಿಟ್ಟು ದಿನವಾಯಿತು, ವಾರಕ್ಕೆರಡು ಸಲವಾಯಿತು. ಕೊಡಗಳ ಸಾಲಿನಲ್ಲಿ ಹೆಂಗಸರು ಕೈಕೈ ಮಿಲಾಯಿಸಿದರು. ಗಡಿಯಾರ ಮಾತ್ರ ಹೇಳಿದ ಹೊತ್ತಿಗೆ ತೆರೆದ, ಹೇಳಿದ ಹೊತ್ತಿಗೆ ಮುಚ್ಚಿದ, ಬೈಗುಳ ತಿಂದ. ಬ್ಯಾಂಕಿನವರ ಹುಲ್ಲುಹಾಸು ಮೊದಲು ಹಳದಿಯಾಗಿ, ಕೊನೆಗೆ ಅವರ ತಲೆಯ ಹಾಗೇ ನುಣ್ಣಗಾಯಿತು. ಇಡೀ ಬೀದಿ ಸುಟ್ಟ ರೊಟ್ಟಿಯ ಬಣ್ಣಕ್ಕೆ ಬಂದಿದ್ದಾಗ, ಏರಿನ ಮೇಲಿನ ಕೊನೆಯ ಮನೆಯೆದುರು ತಂಗಡಿ ಕೊಂಬೆ ಕಾಣದಂತೆ ಹೂ ಬಿಟ್ಟು ನಿಂತಿತ್ತು.

ಮೊದಲು ತಮಾಷೆಯ ಮಾತು. "ವಾಲ್ವ್‌ಮನ್ ಹೆಂಡ್ತಿ ಅಂದ್ರೆ ಸುಮ್ನೇನಾ!" ಆಮೇಲೆ ಅದರಲ್ಲಿ ತಮಾಷೆ ಕಡಿಮೆಯಾಯಿತು. ಅವಳು ಸಾಲಿಗೆ ಬಂದರೆ ಮಾತು ನಿಲ್ಲುತ್ತಿತ್ತು. "ನಿಮಗ್ಯಾಕಮ್ಮ ಕೊಡ, ನಿಮ್ಮನೇಲಿ ನದೀನೇ ಇದೆಯಲ್ಲ" ಎಂದು ಒಬ್ಬಳು ಎದುರಿಗೇ ಅಂದಳು. ಅವಳು ವಿವರಿಸಲು ನೋಡಿದಳು. ನೀರು ಕೇಳದ ಗಿಡ ಎಂದರೆ ಯಾರು ನಂಬುತ್ತಾರೆ? ಬಾಯಾರಿದವನಿಗೆ ಹಸಿರೆಲ್ಲ ನೀರಾಗಿಯೇ ಕಾಣುತ್ತದೆ.

ಯಾರೋ ಕಚೇರಿಗೆ ಹೋಗಿ ದೂರು ಹೇಳಿದರು. ಒಂದು ಬೆಳಿಗ್ಗೆ ಎಂಜಿನಿಯರ್ ಮೇಡಂ ಬಂದು ಮೀಟರ್ ನೋಡಿದರು. ಬೀದಿಯವರು ಗೇಟಿನ ಹೊರಗೆ ನೆರೆದಿದ್ದರು.

"ಈ ಬೀದೀಲಿ ಎಲ್ಲರಿಗಿಂತ ಕಡಿಮೆ ನೀರು ಬಳಸಿರೋದು ಇದೇ ಮನೆ" ಎಂದರು ಮೇಡಂ.

ಬ್ಯಾಂಕಿನವರು ಗಂಟಲು ಸರಿಮಾಡಿಕೊಂಡರು. "ಮೀಟರಿಗೆ ಮುಂಚೇನೇ ಪೈಪ್ ಎಳೆದಿದ್ರೆ ಮೀಟರ್ ಏನು ಕನಸು ಕಾಣುತ್ತಾ ಮೇಡಂ? ಗಂಡ ವಾಲ್ವ್‌ಮನ್, ಭಾಮೈದ ಪ್ಲಂಬರ್. ನಾನು ಯಾರಿಗೂ ಏನೂ ಅಂತಿಲ್ಲಪ್ಪ, ಸುಮ್ನೆ ಹೇಳ್ದೆ."

"ನಮಗೆ ಇವರ ಮೇಲೆ ಅನುಮಾನ ಇಲ್ಲ. ಎಲ್ಲರೂ ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ" ಎಂದು ಮೇಡಂ ಜೀಪು ಹತ್ತಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಂಡ ಅಂಗಳದಲ್ಲೇ ನಿಂತಿದ್ದ. ಗಿಡಗಳನ್ನು ಅವನು ಮೊದಲ ಸಲ ನೋಡುತ್ತಿದ್ದ ಹಾಗಿತ್ತು. ಅವುಗಳ ಎಲೆಯನ್ನಲ್ಲ, ಬುಡವನ್ನು.

ಅಂದು ಊಟಕ್ಕೆ ಕೂತಾಗ ಕೇಳಿದ. "ಒಂದು ಮಾತು. ಸಿಟ್ಟಾಗಬೇಡ. ಹೋದ ವರ್ಷ ಬಚ್ಚಲ ಪೈಪ್ ರಿಪೇರಿಗೆ ನಿನ್ನ ತಮ್ಮ ಬಂದಿದ್ನಲ್ಲ, ಅವತ್ತು ನಾನು ಡ್ಯೂಟಿಲಿದ್ದೆ."

"ಹೂಂ."

"ಬಚ್ಚಲು ಬಿಟ್ಟು ಬೇರೇನಾದ್ರೂ ಮಾಡ್ಕೊಟ್ನಾ? ನೀನು ಕೇಳಿದೆ ಅಂತ, ಅಕ್ಕ ಅನ್ನೋ ಪ್ರೀತಿಗೆ..."

ಅವಳ ಕೈ ತಟ್ಟೆಯ ಮೇಲೇ ನಿಂತಿತು. "ಇದನ್ನ ನೀವು ಕೇಳ್ತಿದ್ದೀರಾ, ಬ್ಯಾಂಕಿನವರು ಕೇಳ್ತಿದ್ದಾರಾ?"

"ಇಲ್ಲ ಅಂತ ಹೇಳು, ಸಾಕು."

"ಇಲ್ಲ."

ಅವನು ಒಂದು ತುತ್ತು ಬಾಯಿಗಿಟ್ಟ. ಅಗಿದ. ನೀರು ಕುಡಿದ. "ಮತ್ತೆ ಇಷ್ಟು ಹಸಿರು ಹೇಗೆ?"

ಬೀದಿಯವರು ಅಂದದ್ದು ಅವಳಿಗೆ ಇಷ್ಟು ನಾಟಿರಲಿಲ್ಲ. ಅವರು ಗೇಟಿನ ಹೊರಗಿನವರು. ಇವನು ಇಷ್ಟು ವರ್ಷ ಅದೇ ಅಂಗಳದಲ್ಲಿ ಕೂತು ಟೀ ಕುಡಿದಿದ್ದಾನೆ. ಅವಳು ಬೀಜ ಉಜ್ಜಿದ್ದು, ಪಾತ್ರೆ ತೊಳೆದ ನೀರನ್ನು ಸೋಸಿಟ್ಟದ್ದು, ಗಣಿಯಿಂದ ಜಲ್ಲಿ ಹೊತ್ತು ತಂದು ಹೆಗಲು ಊದಿಸಿಕೊಂಡದ್ದು, ಎಲ್ಲವೂ ಅವನ ಕಣ್ಣೆದುರೇ ಆಗಿತ್ತು. ಯಾವುದೂ ಅವನ ಕಣ್ಣಿಗೆ ಬಿದ್ದಿರಲಿಲ್ಲ.

"ಅನುಮಾನ ಇದ್ರೆ ಅಗೆದು ನೋಡ್ಕೊಳ್ಳಿ" ಎಂದು ತಟ್ಟೆ ಎತ್ತಿಕೊಂಡು ಎದ್ದಳು. ಬೇಕಾದರೆ ನನ್ನ ಕತ್ತು ಕುಯ್ದು ನೋಡಿ ಎನ್ನುವ ಹಾಗೆ ಅಂದ ಮಾತು ಅದು. ಹಾಗೆ ಅಂದವರ ಕತ್ತನ್ನು ಯಾರೂ ನಿಜವಾಗಿ ಕುಯ್ಯುವುದಿಲ್ಲ.

ಆ ಭಾನುವಾರ ಅವಳಿಗೆ ಬೆಳಗಿನ ಪಾಳಿ ಇತ್ತು. ಮಧ್ಯಾಹ್ನ ಏರು ಹತ್ತಿ ಬರುವಾಗ ಮನೆಯೆದುರು ಜನ ಗುಂಪುಗೂಡಿದ್ದು ಕಂಡಿತು. ಅತ್ತೆಗೆ ಏನೋ ಆಯಿತೆಂದುಕೊಂಡಳು. ಓಡಿ ಬಂದಳು. ಜನ ದಾರಿ ಬಿಟ್ಟರು.

ಅಂಗಳದ ಉದ್ದಕ್ಕೂ ತೊಡೆಮಟ್ಟದ ಕಂದಕ. ಅದರೊಳಗೆ ಗಂಡ, ಬನಿಯನ್ನಿನಲ್ಲಿ, ಕೈಯಲ್ಲಿ ಹಾರೆ. ತಂಗಡಿ ಬುಡಸಮೇತ ಗೇಟಿನ ಬಳಿ ಬಿದ್ದಿತ್ತು, ಹೂ ಇನ್ನೂ ಬಾಡಿರಲಿಲ್ಲ. ಬಂದರಿಕೆಗಳು ಒಂದರ ಮೇಲೊಂದು. ಲೋಳೆಸರ ತುಳಿತಕ್ಕೆ ಸಿಕ್ಕಿ ಲೋಳೆ ಕಕ್ಕಿತ್ತು. ಬೀದಿಯವರು ಬಂದು ಅಗೆದಿದ್ದಲ್ಲ. ಯಾರೂ ಅಗೆಯಿರಿ ಎಂದು ಕೇಳಿಯೂ ಇರಲಿಲ್ಲ. ಅವನೇ ಬೆಳಿಗ್ಗೆ ಮನೆಮನೆಗೆ ಹೋಗಿ, ಬನ್ನಿ, ನಿಮ್ಮ ಕಣ್ಣಾರೆ ನೋಡಿ ಎಂದು ಕರೆದು ತಂದಿದ್ದ.

ಅತ್ತೆ ಮೂಲೆಯಲ್ಲಿ ಲಕ್ಕಿಯನ್ನು ತಬ್ಬಿಕೊಂಡು ನಿಂತಿದ್ದಳು. "ಸಾಕು ನಿಲ್ಸೋ. ಎಲ್ಲಾ ನೋಡಿದ್ರಲ್ಲ. ಇದೊಂದನ್ನ ಬಿಡೋ, ನಿನ್ನ ದಮ್ಮಯ್ಯ" ಎನ್ನುತ್ತಿದ್ದಳು.

ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ. ಮುಖದಲ್ಲಿ ಬೆವರು, ಮಣ್ಣು, ಮತ್ತು ಅವಳಿಗೆ ಸಹಿಸಲಾಗದ ಒಂದು ನೆಮ್ಮದಿ. "ಏನೂ ಇಲ್ಲ ಕಣೇ" ಎಂದ. "ಎಲ್ಲರೂ ನೋಡಿದ್ರು. ಏನೂ ಇಲ್ಲ."

ಅವಳು ಚೀಲವನ್ನು ಮೆಟ್ಟಿಲ ಮೇಲಿಟ್ಟಳು. ಹೋಗಿ ಅತ್ತೆಯ ಕೈಯನ್ನು ಲಕ್ಕಿಯಿಂದ ಮೆಲ್ಲಗೆ ಬಿಡಿಸಿದಳು. "ಇಲ್ಲೂ ಅಗೀರಿ" ಎಂದಳು.

"ಬೇಡ ಬಿಡು, ಇಷ್ಟು ಸಾಕು."

"ಇದನ್ನ ಬಿಟ್ರೆ ನಾಳೆ ಪೈಪ್ ಇಲ್ಲೇ ಇತ್ತು ಅಂತಾರೆ. ನಿಮಗೂ ಹಾಗೇ ಅನ್ಸುತ್ತೆ. ಅಗೀರಿ."

ಅವನು ಬ್ಯಾಂಕಿನವರ ಕಡೆ ನೋಡಿದ, ಅವರು ಚಪ್ಪಲಿ ನೋಡಿಕೊಂಡರು. ಕೊನೆಗೆ ಹಾರೆ ಎತ್ತಿದ. ಪೆಟ್ಟು ಬೀಳಲು ಅನುಕೂಲವಾಗಲೆಂದು ಅವಳು ಕೊಂಬೆಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಬೇರು ಗಟ್ಟಿಯಿತ್ತು, ಬಹಳ ಹೊತ್ತು ಹಿಡಿಯಿತು. ಅಡಿಯಲ್ಲಿ ಪೈಪ್ ಇರಲಿಲ್ಲ. ತೋಳಿನಷ್ಟು ದಪ್ಪದ ಬೇರು ಬಂಡೆಯ ಬಿರುಕಿನೊಳಗೆ ಇಳಿದಿತ್ತು, ಅಷ್ಟೇ.

"ನಮಗೇನೂ ಅನುಮಾನ ಇರಲಿಲ್ಲಪ್ಪ" ಎಂದರು ಬ್ಯಾಂಕಿನವರು. "ಇವತ್ತಿನ ಕಾಲದಲ್ಲಿ ಇಂಥ ಮನುಷ್ಯ ಸಿಗೋದು ಅಪರೂಪ." ಯಾರೋ ಚಪ್ಪಾಳೆ ತಟ್ಟಿದರು. ಯಾರೋ ಅವನಿಗೆ ಕುಡಿಯಲು ನೀರು ತಂದುಕೊಟ್ಟರು.

ಆಮೇಲೆ ಒಬ್ಬೊಬ್ಬರೇ ಹತ್ತಿರ ಬಂದರು. "ಹೇಗೂ ಕಿತ್ತಾಗಿದೆ, ಇದೊಂದು ನಾನು ತಗೊಳ್ಳಲಾ? ನಿಜವಾಗ್ಲೂ ನೀರು ಬೇಡ್ವಾ ಇದಕ್ಕೆ?" ಬ್ಯಾಂಕಿನವರ ಹೆಂಡತಿ ಹಳದಿ ಹೂವಿನ ತಂಗಡಿಯನ್ನೇ ಎತ್ತಿಕೊಂಡಳು. "ನಮ್ಮ ಹುಲ್ಲಿನ ಜಾಗ ಬೋಳಾಗಿ ಬಿದ್ದಿದೆ. ಹೇಗೆ ನೋಡ್ಕೋಬೇಕು ಹೇಳಿಕೊಡಮ್ಮ."

ಬೇರು ಹರಿದ ಆ ಗಿಡ ಬದುಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಒಂದು ಹಿಡಿ ಬೀಜ ಕೊಟ್ಟು, ಮಳೆ ಬರಲಿ, ಆಗ ಹಾಕಿ ಎನ್ನಬಹುದಿತ್ತು.

"ನೀರು ಹಾಕಿ" ಎಂದಳು. "ದಿನಾ, ಎರಡು ಹೊತ್ತು. ತುಂಬಾ ನೀರು ಹಾಕಿ."

ಅವರು ಹಾಗೇ ಮಾಡಿದರು. ಸಾಲಿನಲ್ಲಿ ನಿಂತು ಹಿಡಿದ ನೀರನ್ನು, ಸ್ನಾನ ಬಿಟ್ಟು, ಸತ್ತ ಗಿಡಗಳಿಗೆ ಹೊಯ್ದರು. ಅದನ್ನು ಕಿಟಕಿಯಿಂದ ನೋಡುವಾಗ ಮೊದಲೆರಡು ದಿನ ಅವಳಿಗೆ ಹಿತವಾಯಿತು. ಆಮೇಲೆ ಅದೂ ಸಪ್ಪೆಯಾಯಿತು.

ಗಂಡನ ಮರ್ಯಾದೆ ಏರಿತು. ಕಚೇರಿಯಲ್ಲಿ ಮೇಡಂ ಎಲ್ಲರೆದುರು ಅವನ ಹೆಸರು ಹೇಳಿದರು. ಬೀದಿಯಲ್ಲಿ ಈಗ ಯಾರೂ ಬೈಯುತ್ತಿರಲಿಲ್ಲ; ಸೈಕಲ್ಲು ಕಂಡರೆ ನಮಸ್ಕಾರ. ಅವನು ಮನೆಗೆ ಬಂದು ಇದನ್ನೆಲ್ಲ ಹೇಳುತ್ತಿದ್ದ. ಹೆಂಡತಿ ಯಾಕೆ ಹೂಂ ಎಂದಷ್ಟೇ ಅನ್ನುತ್ತಾಳೆ ಎಂಬುದು ಅವನಿಗೆ ಬಗೆಹರಿಯಲಿಲ್ಲ. "ನೀನೇ ತಾನೆ ಅಗೀರಿ ಅಂದಿದ್ದು?" ಎಂದ ಒಂದು ಸಲ.

ಒಳಗೆ ಮಲಗಿದ್ದ ತಾಯಿ ಅಲ್ಲಿಂದಲೇ ಉತ್ತರ ಕೊಟ್ಟಳು. "ನೀನು ಕಳ್ಳ ಅಲ್ಲ ಅಂತ ಊರಿಗೆಲ್ಲ ತೋರಿಸಿದೆ ಮಗನೇ. ಮನೇಲಿ ಇರೋವಳನ್ನ ಕಳ್ಳಿ ಮಾಡಿ ತೋರಿಸಿದೆ."

ಅವಳ ತಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ. ಬೀದಿಯವರೇ ಅವನ ಕಿವಿಗೆ ಎಲ್ಲವನ್ನೂ ಹಾಕಿದ್ದರು. ಅವನನ್ನು ನೋಡಬೇಕೆಂದರೆ ಅವಳು ಆಸ್ಪತ್ರೆಯ ಹಿಂದಿನ ಟೀ ಅಂಗಡಿಗೆ ಹೋಗಬೇಕು. "ನಾನು ಕದ್ದು ಪೈಪ್ ಹಾಕೋ ಹಾಗಿದ್ರೆ ಭಾವನ ಮನೇಗಾ ಹಾಕ್ತಿದ್ದೆ? ಬ್ಯಾಂಕಿನವರ ಮನೇಗೆ ಹಾಕಿ ದುಡ್ಡಾದ್ರೂ ಮಾಡ್ಕೊಳ್ತಿದ್ದೆ" ಎಂದು ನಗಿಸಲು ನೋಡಿದ. ಇಬ್ಬರೂ ನಗಲಿಲ್ಲ.

ಮಳೆ ಕೊನೆಗೂ ಬಂತು. ತಡವಾಗಿ, ಆದರೆ ಬಂತು. ಒಂದು ಬೆಳಿಗ್ಗೆ ಗಂಡ ಅಂಗಳದಿಂದ ಕೂಗಿದ: "ಬಾ ಇಲ್ಲಿ, ಬೇಗ ಬಾ!" ಅಗೆದು ಮುಚ್ಚಿದ ಮಣ್ಣಿನ ತುಂಬ ಉದುರಿದ ಬೀಜ ಮೊಳೆತಿತ್ತು. ತಂಗಡಿಯ ಪುಟ್ಟಪುಟ್ಟ ಎಲೆ ಅವಳಿಗೆ ನೋಡಿದ ಕೂಡಲೇ ಗುರುತಾಯಿತು.

"ನೋಡಿದ್ಯಾ! ಏನೂ ಹೋಗಿಲ್ಲ. ಈ ಸಲ ನಾನೇ ನೋಡ್ಕೊಳ್ತೀನಿ" ಎಂದ. ಅವನ ದನಿಯಲ್ಲಿ ಕ್ಷಮೆ ಕೇಳುವುದಕ್ಕೆ ಹತ್ತಿರವಾದುದೇನೋ ಇತ್ತು. ಕ್ಷಮೆ ಕೇಳಿಯೇ ಬಿಟ್ಟಿದ್ದರೆ ಅವಳು ಏನು ಮಾಡುತ್ತಿದ್ದಳೋ. ಅವನು ಕೇಳಲಿಲ್ಲ.

ಅಂದಿನಿಂದ ತನ್ನ ಸ್ನಾನದ ನೀರಿನಲ್ಲಿ ಅರ್ಧ ಉಳಿಸಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಮೊಳಕೆಗಳ ನೆತ್ತಿಯ ಮೇಲೆ ಸುರಿಯತೊಡಗಿದ. ಕಚೇರಿಯ ಯಾರಲ್ಲೋ ಕೇಳಿ ಗೊಬ್ಬರದ ಮೂಟೆ ತಂದು ಹರಡಿದ. ಗಡಿಯಾರ ನೀರು ಹಾಕುವ ಹೊತ್ತನ್ನು ಎಂದೂ ತಪ್ಪಿಸಲಿಲ್ಲ.

"ಸರಿಯಾಗಿ ಮಾಡ್ತಿದ್ದೀನಾ?" ಎಂದು ಒಂದು ಸಂಜೆ ಕೇಳಿದ.

"ನೀರಿನ ವಿಷಯ ನಿಮಗಿಂತ ಹೆಚ್ಚು ನನಗೇನು ಗೊತ್ತು?" ಎಂದಳು ಅವಳು.

ಅವನು ಒಳಗೆ ಹೋದ ಮೇಲೆ ಅತ್ತೆ ಸೊಸೆಯ ಕಡೆ ತಿರುಗಿದಳು. ಮುದುಕಿಗೆ ಎಲ್ಲವೂ ಗೊತ್ತಿತ್ತು. "ಕೊಳೆಯುತ್ತೆ ಅಂತ ಹೇಳಬಾರದೇನೇ ಅವನಿಗೆ?"

"ಅವತ್ತು ಊಟಕ್ಕೆ ಕೂತಾಗ ನಾನು ಹೇಳಿದ್ನಲ್ಲ ಅತ್ತೆ, ಇಲ್ಲ ಅಂತ. ಒಂದೇ ಮಾತು. ಅದನ್ನೇ ನಂಬಲಿಲ್ಲ."

"ಗಿಡ ಏನು ಮಾಡಿತ್ತೇ ನಿನಗೆ?"

ಬುಡ ಕಪ್ಪಾಗಿ ಮೊಳಕೆಗಳು ಒಂದೊಂದೇ ಬಾಗತೊಡಗಿದ್ದವು. ತಡೆದರೆ ಇನ್ನೂ ಕೆಲವು ಉಳಿಯುತ್ತಿದ್ದವು. ಅವಳು ಎದ್ದು ಮರುದಿನದ ಊಟಕ್ಕೆ ತೊಳೆದಿಟ್ಟ ಡಬ್ಬಿಗಳನ್ನು ಒರೆಸಲು ಹೋದಳು. ಆ ತಿಂಗಳು ಆಸ್ಪತ್ರೆಯಲ್ಲಿ ಕೇಳಿ ಸಂಜೆಯ ಪಾಳಿ ಹಾಕಿಸಿಕೊಂಡಳು. ಸಂಜೆಯಾದರೂ ಅವನು ನೀರು ಹಾಕುವುದನ್ನು ನೋಡುವುದು ಅದರಿಂದ ತಪ್ಪಿತು. ತಿಂಗಳ ಕೊನೆಗೆ ಅಂಗಳ ಬೋಳಾಯಿತು, ಅವನು ನರ್ಸರಿಯಿಂದ ಕುಂಡದಲ್ಲಿ ಗುಲಾಬಿ ತಂದಿಟ್ಟ. ಚೆನ್ನಾಗಿದೆ ಎಂದು ಬ್ಯಾಂಕಿನವರು ಹೇಳಿದರಂತೆ.